ಸೈಕಲ್ಲಿಗೆ ಮೋಟರ್: ವಿದ್ಯುತ್ ಸಾಮರ್ಥ್ಯದ ಪಾಠದಲ್ಲಿ ಕಾನೂನಿನ ಸಂಖ್ಯೆಗಳು

ತರಗತಿ: 10
ಘಟಕ: ವಿದ್ಯುಚ್ಛಕ್ತಿ
ಉಪಘಟಕ: ವಿದ್ಯುತ್ ಸಾಮರ್ಥ್ಯ
ಅವಧಿ: 40 ನಿಮಿಷ

ಹಿನ್ನೆಲೆ

ಅಭ್ಯಾಸ ಬೋಧನೆಗೆ ನನಗೆ ದೊರೆತ ಪ್ರೌಢಶಾಲೆಗೆ ಹೆಚ್ಚಿನ ಮಕ್ಕಳು ಸೈಕಲ್ಲಿನಲ್ಲೇ ಬರುತ್ತಾರೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಹಳೆಯ ಸೈಕಲ್ಲಿಗೆ ಮೋಟರ್ ಮತ್ತು ಬ್ಯಾಟರಿ ಜೋಡಿಸಿ, ಬಳಿಕ ಅದರಲ್ಲೇ ಶಾಲೆಗೆ ಬರಬೇಕೆಂದು ಮೂವರು ಹುಡುಗರು ಯೋಜಿಸಿದ್ದರು. ಈ ಯೋಜನೆಯನ್ನೇ ಪಾಠದ ಸಂದರ್ಭವಾಗಿ ಬಳಸಿಕೊಂಡೆ.

ಪೂರ್ವಜ್ಞಾನ: ವೇಗ, ಚಲನಶಕ್ತಿ, ಓಮ್‌ನ ನಿಯಮ.

ತೊಡಗಿಸುವಿಕೆ

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿ ಚಾಲಿತ ವಾಹನವು 'ಮೋಟಾರು ವಾಹನ' ಎನಿಸದಿರಲು ಇರುವ ಷರತ್ತುಗಳನ್ನು ಕಪ್ಪುಹಲಗೆಯಲ್ಲಿ ಬರೆದೆ.

1. ಮೋಟರಿನ 30 ನಿಮಿಷಗಳ ಸಾಮರ್ಥ್ಯ 0.25 ಕಿಲೊವ್ಯಾಟ್‌ಗಿಂತ ಕಡಿಮೆ.
2. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ.
3. ಬ್ಯಾಟರಿ ಬಿಟ್ಟು ತೂಕ 60 ಕಿ.ಗ್ರಾಂ. ಮೀರಬಾರದು.
4. ಸರಿಯಾದ ಬ್ರೇಕ್, ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ.

"ಈ ಸಂಖ್ಯೆಗಳೇ ಏಕೆ?" ಎಂಬುದು ಅಂದಿನ ಪ್ರಶ್ನೆ.

ಅನ್ವೇಷಣೆ

ಒಂದು ಗುಂಪು 250 ವ್ಯಾಟ್‌ಅನ್ನು 36 ವೋಲ್ಟ್‌ನಿಂದ ಭಾಗಿಸಿ 6.94 ಆಂಪಿಯರ್ ಪಡೆಯಿತು. ಇನ್ನೊಂದು ಗುಂಪು ಗಂಟೆಗೆ 25 ಕಿ.ಮೀ.ಯನ್ನು ಪರಿವರ್ತಿಸಿ ಸೆಕೆಂಡಿಗೆ 6.94 ಮೀಟರ್ ಪಡೆಯಿತು. ಎರಡೂ ಒಂದೇ ಎಂದು ಮಕ್ಕಳು ಬೆರಗಾದರು. 250ನ್ನು 36ರಿಂದ ಭಾಗಿಸಿದರೂ 25ನ್ನು 3.6ರಿಂದ ಭಾಗಿಸಿದರೂ ಸಂಖ್ಯೆ ಒಂದೇ, ಆದರೆ ಏಕಮಾನವಿಲ್ಲದ ಸಂಖ್ಯೆಗೆ ಅರ್ಥವಿಲ್ಲ ಎಂಬುದನ್ನು ಅವರೇ ಹೇಳಿದರು.

ವಿವರಣೆ

ಕಾನೂನು ಹೇಳುವುದು ಮೋಟರಿನಿಂದ ಹೊರಬರುವ ಸಾಮರ್ಥ್ಯವನ್ನು. ದಕ್ಷತೆ ಶೇ. 80 ಎಂದು ಹಿಡಿದರೆ, 250 ವ್ಯಾಟ್ ಹೊರಬರಲು ಬ್ಯಾಟರಿ 312.5 ವ್ಯಾಟ್ ಕೊಡಬೇಕು. ಆಗ ವಿದ್ಯುತ್ ಪ್ರವಾಹ ಸುಮಾರು 8.7 ಆಂಪಿಯರ್. ತಂತಿ ಮತ್ತು ಫ್ಯೂಸ್ ಆರಿಸುವಾಗ ಲೆಕ್ಕಕ್ಕೆ ಬರುವುದು ಇದೇ ಪ್ರವಾಹ.

ವಿಸ್ತರಣೆ

"36ರ ಬದಲು 48 ವೋಲ್ಟ್ ಬ್ಯಾಟರಿ ಹಾಕಿದರೆ ಜೋರಾಗಿ ಹೋಗುತ್ತದಲ್ಲವೇ?" ಎಂದು ಆ ಮೂವರಲ್ಲೊಬ್ಬ ಕೇಳಿದ. ಉತ್ತರ ಹೇಳದೆ ಲೆಕ್ಕ ಮಾಡಿಸಿದೆ. ಇಂಥ ಮೋಟರಿನ ವೇಗ ಸ್ಥೂಲವಾಗಿ ವಿಭವಾಂತರಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ 25 ಕಿ.ಮೀ. ವೇಗವು ಸುಮಾರು 33ಕ್ಕೆ ಏರಬಹುದು. ಸವಾರ ಮತ್ತು ಸೈಕಲ್ ಸೇರಿ 80 ಕಿ.ಗ್ರಾಂ. ಎಂದುಕೊಂಡರೆ ಚಲನಶಕ್ತಿ ಸುಮಾರು 1,930 ಜೂಲ್‌ನಿಂದ 3,430 ಜೂಲ್‌ಗೆ ಹೋಗುತ್ತದೆ. ವೇಗ ಮೂರನೇ ಒಂದು ಭಾಗ ಹೆಚ್ಚಿದರೆ, ಅದೇ ಬ್ರೇಕ್ ಬಲಕ್ಕೆ ನಿಲ್ಲುವ ದೂರ ಸುಮಾರು 1.8 ಪಟ್ಟು. ರಬ್ಬರ್ ಬ್ರೇಕಿನ ಹಳೆಯ ಸೈಕಲ್ಲಿಗೆ ಇದರ ಅರ್ಥವೇನೆಂದು ಯಾರೂ ವಿವರಿಸಬೇಕಾಗಲಿಲ್ಲ.

ಮುಂದಿನ ಪ್ರಶ್ನೆ ಹೆಚ್ಚು ಕಠಿಣವಾಗಿತ್ತು: "ಎಲ್ಲ ಮಿತಿಯೊಳಗೇ ಮಾಡಿದರೆ ರಸ್ತೆಗೆ ತರಬಹುದಾ ಸರ್?" ನಿಯಮದ ಪ್ರಕಾರ ಷರತ್ತುಗಳ ಪಾಲನೆಯನ್ನು ಅಧಿಕೃತ ಪರೀಕ್ಷಾ ಸಂಸ್ಥೆ ದೃಢಪಡಿಸಿರಬೇಕು. ಪುಣೆಯ ಎಆರ್‌ಎಐ ಅಂಥದ್ದೊಂದು. ಮನೆಯಲ್ಲಿ ಜೋಡಿಸಿದ ಸೈಕಲ್ಲಿಗೆ ಆ ದೃಢೀಕರಣ ಇರುವುದಿಲ್ಲ. ವಿನಾಯಿತಿ ಸಿಗದಿದ್ದರೆ ಅದು ಮೋಟಾರು ವಾಹನವೇ: ನೋಂದಣಿ, ವಿಮೆ, ಚಾಲನಾ ಪರವಾನಗಿ ಎಲ್ಲವೂ ಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಮೋಟಾರು ವಾಹನದಲ್ಲಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಆಗಬಹುದು. ಇದನ್ನು ಹೇಳಿದಾಗ ತರಗತಿ ಮೌನವಾಯಿತು.

ಮೌಲ್ಯಮಾಪನ

1. 36 ವೋಲ್ಟ್, 10 ಆಂಪಿಯರ್-ಗಂಟೆ ಬ್ಯಾಟರಿಯಲ್ಲಿ ಎಷ್ಟು ವ್ಯಾಟ್-ಗಂಟೆ ಶಕ್ತಿ ಇದೆ? (360)
2. ಮೈದಾನದಲ್ಲಿ 50 ಮೀಟರ್ ಗುರುತಿಸಿ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದನ್ನು ದಾಟಲು ಎಷ್ಟು ಸೆಕೆಂಡ್ ಬೇಕು? (7.2)

ಅವಲೋಕನ

ಮೂವರೂ ಯೋಜನೆ ಕೈಬಿಡಲಿಲ್ಲ. 36 ವೋಲ್ಟ್‌ಗೇ ನಿಂತು, ಮುಖ್ಯ ಶಿಕ್ಷಕರ ಅನುಮತಿ ಪಡೆದು, ಹೆಲ್ಮೆಟ್ ಧರಿಸಿ ಶಾಲೆಯ ಆವರಣದೊಳಗೆ ಓಡಿಸಿ ತೋರಿಸಲು ಒಪ್ಪಿದರು. ಪ್ರದರ್ಶನದ ಫಲಕದಲ್ಲಿ "ರಸ್ತೆಗೆ ಏಕೆ ತಂದಿಲ್ಲ" ಎಂಬ ಭಾಗವನ್ನೂ ತಾವೇ ಸೇರಿಸಿದರು.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ಮಕ್ಕಳು ಇಂಥದ್ದನ್ನು ತಯಾರಿಸುತ್ತೇವೆಂದಾಗ ಬರೀ "ಶಭಾಷ್" ಅಥವಾ ಬರೀ "ಬೇಡ" ಎಂದು ಮುಗಿಸಬಾರದು. ಸೂತ್ರದ ಜೊತೆಗೆ ನಿಯಮವನ್ನೂ ಹಲಗೆಯ ಮೇಲೆ ಬರೆದರೆ, ಮಿತಿ ಏಕಿದೆ ಎಂಬುದನ್ನು ಅವರೇ ಲೆಕ್ಕ ಹಾಕಿ ಕಂಡುಕೊಳ್ಳುತ್ತಾರೆ.