ಅಡ್ವಾನ್ಸ್ ದುಡ್ಡು ಓನರ್ ಬೀರುವಿನಲ್ಲಿ ಇರುವುದಿಲ್ಲ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವವರು ಬಾಡಿಗೆಗೆ ಚೌಕಾಸಿ ಮಾಡಿದಷ್ಟು ಅಡ್ವಾನ್ಸ್‌ಗೆ ಮಾಡುವುದಿಲ್ಲ. ಹೇಗೂ ವಾಪಸ್ ಬರುವ ದುಡ್ಡಲ್ಲವೇ ಎಂಬ ಧೈರ್ಯ. ಒಮ್ಮೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 20,000 ರೂಪಾಯಿ ಬಾಡಿಗೆ, ಇಲ್ಲಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 2 ಲಕ್ಷ. ಅಷ್ಟೇ ದುಡ್ಡು ಬ್ಯಾಂಕಿನಲ್ಲಿ ಶೇ 6ರ ಬಡ್ಡಿಗೆ ಇದ್ದರೆ ವರ್ಷಕ್ಕೆ 12,000, ಮೂರು ವರ್ಷಕ್ಕೆ 36,000 ರೂಪಾಯಿ. ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ ಅದರ ಮೇಲೆ 20,000. ಗೋಡೆಗೆ ಒಂದು ಗೀರೂ ಬೀಳದೆ ನಮ್ಮ ಕೈಯಿಂದ 56,000 ಹೋಗಿರುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಐದಾರು ತಿಂಗಳಿಗೆ ಇಳಿದಿರುವ ಓನರ್‌ಗಳು ಈಗ ಸಿಗುತ್ತಾರೆ, ಕೇಳಿದರೆ.

ಇನ್ನು, ಕೊಟ್ಟ ಅಡ್ವಾನ್ಸ್ ಎಲ್ಲಿರುತ್ತದೆ? ಓನರ್ ಮನೆಯ ಬೀರುವಿನಲ್ಲಂತೂ ಅಲ್ಲ. ಮಹಡಿ ಕಟ್ಟಿಸಲೋ, ಮಗಳ ಮದುವೆಗೋ, ಅನೇಕ ಸಲ ನಮಗಿಂತ ಮುಂಚೆ ಇದ್ದವರ ಅಡ್ವಾನ್ಸ್ ತೀರಿಸಲೋ ಅದು ಆಗಲೇ ಖರ್ಚಾಗಿರುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಮಧ್ಯಮ ವರ್ಗದ ಓನರ್‌ಗಳ ವ್ಯವಹಾರ ನಡೆಯುವುದೇ ಹೀಗೆ. ನಮಗೆ ಹಿಂದಿರುಗುವ ದುಡ್ಡು ಬರಬೇಕಾದ್ದು ನಮ್ಮ ನಂತರ ಬರುವವರ ಜೇಬಿನಿಂದ.

ನನಗೆ ಇದು ಗೊತ್ತಾದದ್ದು ಜೆ.ಪಿ. ನಗರದ ಮನೆಯೊಂದನ್ನು ಬಿಡುವಾಗ. ನಾವು ಮಹಡಿಯ ಮೇಲಿದ್ದೆವು. ಕೆಳಗಿನವರು ನಮಗಿಂತ ಮೊದಲೇ ಮನೆ ಖಾಲಿ ಮಾಡಿದ್ದರೂ ಅವರಿಗಿನ್ನೂ ದುಡ್ಡು ಸಿಕ್ಕಿರಲಿಲ್ಲ. 'ಹೊಸಬರು ಬರಲಿ ಸರ್, ಬಂದ ತಕ್ಷಣ ಕೊಟ್ಬಿಡ್ತೀನಿ' ಎಂದು ಓನರ್ ಪ್ರತಿ ವಾರ ಹೇಳುತ್ತಿದ್ದರು. ಹೊಸಬರೇನೋ ಬರುತ್ತಿದ್ದರು. ಬಚ್ಚಲಿನ ವಾಸನೆಗೆ, ಸಿಂಕ್ ಕೆಳಗೆ ಉಬ್ಬಿದ ಪ್ಲೈವುಡ್‌ಗೆ ಹೆದರಿ ಹೊರಟುಬಿಡುತ್ತಿದ್ದರು. ನಮ್ಮ ಮನೆಯನ್ನು ನೋಡಲು ಬಂದ ಮೊದಲ ಸಂಸಾರವೇ ಟೋಕನ್ ಕೊಟ್ಟು ಹೋಯಿತು. ಬೀಗದ ಕೈ ಕೊಟ್ಟ ದಿನವೇ ನಮ್ಮ ಖಾತೆಗೆ ಪೂರ್ತಿ ದುಡ್ಡು ಬಂತು. ಬಾಡಿಗೆ ಮನೆಯನ್ನು ಚೆನ್ನಾಗಿಟ್ಟುಕೊಳ್ಳುವುದು ಓನರ್‌ಗೆ ಮಾಡುವ ಉಪಕಾರ ಎಂದು ಅಂದಿನಿಂದ ನಾನು ಎಣಿಸಿಲ್ಲ.

ನಮ್ಮೂರಿನ ಮನೆಗಳನ್ನು ಹಾಳು ಮಾಡುವುದು ಹೆಚ್ಚಾಗಿ ನೀರು. ಬೋರ್‌ವೆಲ್ ನೀರಿನ ಗಡಸು ನಲ್ಲಿಗಳ ಮೇಲೆ, ಶವರ್ ಕಣ್ಣುಗಳಲ್ಲಿ, ಬಚ್ಚಲಿನ ಟೈಲ್ಸ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ. ವಾರಕ್ಕೊಮ್ಮೆ ನಿಂಬೆಹೋಳು ತಿಕ್ಕಿ ಒರೆಸಿದರೆ ನಲ್ಲಿ ಹೊಳಪು ಕಳೆದುಕೊಳ್ಳುವುದಿಲ್ಲ. ವರ್ಷಗಟ್ಟಲೆ ಬಿಟ್ಟು, ಖಾಲಿ ಮಾಡುವ ವಾರ ಆಸಿಡ್ ಸುರಿಯುವುದು ಇಲ್ಲಿ ಹಲವರ ರೂಢಿ. ದಯವಿಟ್ಟು ಬೇಡ. ಆಸಿಡ್ ಕರೆಯ ಜೊತೆಗೆ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆಮೇಲೆ ನೀರು ಕೆಳಮನೆಯ ಚಾವಣಿಗೆ ಇಳಿಯುತ್ತದೆ. ಆ ರಿಪೇರಿಯ ಬಿಲ್ ಮುಂದೆ ಪೇಂಟಿಂಗ್ ಖರ್ಚು ಏನೇನೂ ಅಲ್ಲ. ಗೀಸರ್‌ನ ಕಾಯಿಲ್ ಮೇಲೂ ಅದೇ ಉಪ್ಪು ಕಟ್ಟುತ್ತದೆ, ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ. ಮಳೆಗಾಲದಲ್ಲಿ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡಿ. ಗಾಳಿಯಾಡದ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಒಗ್ಗರಣೆ ಸಿಡಿಯುವ ಗೋಡೆಯನ್ನು ಅದೇ ದಿನ ಒರೆಸಿ, ಅರಿಸಿನ ಒಣಗಿದ ಮೇಲೆ ಬಣ್ಣದೊಳಕ್ಕೇ ಇಳಿದುಬಿಡುತ್ತದೆ.

ಆದರೆ ಎಷ್ಟು ಜೋಪಾನ ಮಾಡಿದರೂ ದಾಖಲೆ ಇಲ್ಲದಿದ್ದರೆ ಕೊನೆಯ ದಿನ ವಾದಕ್ಕೆ ಬಲವಿರುವುದಿಲ್ಲ. ಹಾಲು ಉಕ್ಕಿಸುವ ಮುಂಚೆ, ಸಾಮಾನು ಇಳಿಸುವ ಮುಂಚೆ, ಖಾಲಿ ಮನೆಯ ವಿಡಿಯೊ ಮಾಡಿ. ಒಡೆದ ಟೈಲ್, ಹಳೆಯ ಮೊಳೆ ತೂತು, ಹರಿದ ಸೊಳ್ಳೆ ಜಾಲರಿ, ತೇವ ಹಿಡಿದ ಮೂಲೆ, ಎಲ್ಲವನ್ನೂ ಹತ್ತಿರದಿಂದ ತೆಗೆದು ಅಂದೇ ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿ. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಕೊಡಿ. ನಡುವೆ ಏನೇ ಸೋರಿದರೂ, ಮುರಿದರೂ ಫೋನಿನಲ್ಲಿ ಹೇಳಿ ಸುಮ್ಮನಾಗದೆ ಬರೆದು ಕಳಿಸಿ. ಟಿವಿಗೆ, ಪರದೆಗೆ ಗೋಡೆ ಕೊರೆಯುವ ಮುಂಚೆ ಒಪ್ಪಿಗೆಯನ್ನೂ ಹಾಗೆಯೇ ಬರವಣಿಗೆಯಲ್ಲಿ ಪಡೆಯಿರಿ.

ಬಳಸಿದ ಮನೆ ಸವೆಯುತ್ತದೆ ಎಂಬುದನ್ನು ಕಾನೂನೂ ಒಪ್ಪುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಸಹಜ ಸವೆತ ಇದಕ್ಕೆ ಹೊರತು. ಆದರೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ. ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಮುರಿದುಕೊಳ್ಳುವ ಸಾಲು ಇಲ್ಲಿನ ಹನ್ನೊಂದು ತಿಂಗಳ ಕರಾರುಗಳಲ್ಲಿ ಮಾಮೂಲಿಯಾಗಿಬಿಟ್ಟಿದೆ. ಮನೆಗೆ ಹೊಸದಾಗಿ ಬಣ್ಣ ಬಳಿದು ಕೊಟ್ಟಿದ್ದರೆ, ನಾಲ್ಕಾರು ವರ್ಷ ಇದ್ದು ಬಿಟ್ಟರೆ, ಅದನ್ನು ನಾನು ತಕರಾರಿಲ್ಲದೆ ಒಪ್ಪುತ್ತೇನೆ. ಹಳೆಯ ಬಣ್ಣದ ಮನೆಗೆ, ವರ್ಷದೊಳಗೆ ಬಿಟ್ಟವರಿಂದ ಅಷ್ಟೇ ಮುರಿದುಕೊಳ್ಳುವುದು ಅನ್ಯಾಯ. 'ನಿಜವಾಗಿ ಆದ ಖರ್ಚು, ಬಿಲ್ ತೋರಿಸಿ' ಎಂದು ಆ ಸಾಲನ್ನು ತಿದ್ದಿಸಬಹುದು. ನಾನು ತಿದ್ದಿಸಿದ್ದೇನೆ. ಯಾವ ಓನರೂ ಅದಕ್ಕಾಗಿ ಮನೆ ಕೊಡುವುದಿಲ್ಲ ಎಂದಿಲ್ಲ.

ಬಿಡುವ ತಿಂಗಳು ಮನೆ ನೋಡಲು ಬರುವವರಿಗೆ ಬೇಸರಿಸದೆ ಬಾಗಿಲು ತೆರೆಯಿರಿ. ನಿಮ್ಮ ದುಡ್ಡು ತರುವವರು ಅವರೇ. ಬೆಸ್ಕಾಂ ಬಿಲ್ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಮೀಟರ್‌ನ ಫೋಟೊ ತೆಗೆಯಿರಿ, ಓನರ್ ಜೊತೆ ಮನೆಯೆಲ್ಲ ಸುತ್ತಿ ಮೊದಲ ದಿನದ ವಿಡಿಯೊ ತೋರಿಸಿ. ಅಡ್ವಾನ್ಸ್ ಖಾತೆಗೆ ಬಂದಿದೆಯೇ ಎಂದು ನೋಡಿಕೊಂಡ ಮೇಲೆ ಬೀಗದ ಕೈ ಕೊಡಿ.