ಹಿಮದ ಹಾದಿಯ ಜೊತೆಗಾರ

ಸ್ವಿಟ್ಜರ್ಲೆಂಡಿಗೂ ಇಟಲಿಗೂ ನಡುವೆ ಆಲ್ಪ್ಸ್ ಪರ್ವತಗಳು ಗೋಡೆಯಂತೆ ನಿಂತಿವೆ. ಆ ಗೋಡೆಯನ್ನು ದಾಟುವ ಪ್ರಾಚೀನ ಘಟ್ಟದ ದಾರಿಗಳಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಒಂದು. ಸಮುದ್ರಮಟ್ಟದಿಂದ 2,469 ಮೀಟರ್ ಎತ್ತರದ ಈ ಘಟ್ಟದ ನೆತ್ತಿಯಲ್ಲಿ ಒಂದು ಸರೋವರವಿದೆ. ಅದರ ಬಳಿ ಕಲ್ಲಿನ ಛತ್ರವೊಂದಿದೆ. ಬರ್ನಾರ್ಡ್ ಎಂಬ ಕ್ರೈಸ್ತ ಧರ್ಮಗುರುವು ಸುಮಾರು 1050ರಲ್ಲಿ ದಾರಿಹೋಕರ ರಕ್ಷಣೆಗಾಗಿ ಇದನ್ನು ಸ್ಥಾಪಿಸಿದನು. ವ್ಯಾಪಾರಿಗಳು, ರೋಮಿಗೆ ಹೊರಟ ಯಾತ್ರಿಕರು, ಕೂಲಿಯನ್ನರಸಿ ಹೊರಟ ಬಡವರು, ಎಲ್ಲರಿಗೂ ಅಲ್ಲಿ ಬೆಂಕಿಯ ಕಾವೂ ತುತ್ತು ಅನ್ನವೂ ದೊರೆಯುತ್ತಿದ್ದವು.

ಅಕ್ಟೋಬರ್ ತಿಂಗಳ ನಡುವಿನಲ್ಲಿ ಇಲ್ಲಿ ಚಳಿಗಾಲ ಕಾಲಿಡುತ್ತದೆ. ಈ ಮೊದಲ ವಾರಗಳು ಬಲು ಮೋಸದವು. ಹಗಲಿನ ಬಿಸಿಲಿಗೆ ಕರಗಿದ ಹಿಮವು ರಾತ್ರಿ ಮತ್ತೆ ಹೆಪ್ಪುಗಟ್ಟಿ, ಬಂಡೆಗಳ ಮೇಲೆ ಗಾಜಿನಂತಹ ಪದರವಾಗುತ್ತದೆ. ಅದರ ಮೇಲೆ ಹೊಸ ಹಿಮವು ಹಿಟ್ಟಿನಂತೆ ಉದುರಿತೆಂದರೆ ನೆಲ ಯಾವುದು, ನೀರ್ಗಲ್ಲು ಯಾವುದು ಎಂಬುದು ಕಣ್ಣಿಗೆ ತಿಳಿಯದು. ಬೇಸಗೆಯಲ್ಲಿ ಹತ್ತು ಸಲ ನಡೆದವನೂ ದಾರಿ ತನಗೆ ಗೊತ್ತೆಂದು ನಂಬಿ ಹೆಜ್ಜೆಯಿಡುತ್ತಾನೆ. ಆ ನಂಬಿಕೆಯೇ ಅವನನ್ನು ಕೆಡವುತ್ತದೆ. ಸ್ವಿಟ್ಜರ್ಲೆಂಡಿನ ಮಗ್ಗುಲಲ್ಲಿ, ನೆತ್ತಿಗೆ ಸಮೀಪವಿರುವ ಕೊರಕಲಿಗೆ ‘ಸತ್ತವರ ಕಣಿವೆ’ ಎಂದೇ ಹೆಸರು. ಬಂಡೆಯೂ ಹೆಪ್ಪುಗಟ್ಟಿದ ಮಣ್ಣೂ ಕೂಡಿದ ಆ ನೆಲದಲ್ಲಿ ಗುಂಡಿ ತೋಡುವುದು ಸಾಧ್ಯವಿರಲಿಲ್ಲ. ಹಿಮದಲ್ಲಿ ದೊರೆತ ಶವಗಳನ್ನು ಛತ್ರದ ಪಕ್ಕದ ಕಲ್ಲುಮನೆಯೊಂದರಲ್ಲಿ ಇರಿಸುತ್ತಿದ್ದರು.

ಇಂತಹ ಸ್ಥಳಕ್ಕೆ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ನಾಯಿಗಳು ಬಂದವು. ಮೊದಮೊದಲು ಅವುಗಳದು ಕಾವಲಿನ ಕೆಲಸ. ಆದರೆ ಸಂನ್ಯಾಸಿಗಳೂ ಛತ್ರದ ಆಳುಗಳೂ ಅವುಗಳನ್ನು ಜೊತೆಗೆ ಕರೆದೊಯ್ಯುತ್ತ ಬಂದಂತೆ, ಯಾರು ಯಾರಿಗೆ ದಾರಿ ತೋರಿಸಬೇಕೆಂಬುದು ಬೇಗನೆ ತಿಳಿಯಿತು. ಹಿಮಾಲಯದ ಹಾದಿಯಲ್ಲಿ ಧರ್ಮರಾಯನನ್ನು ಕಡೆಯವರೆಗೆ ಹಿಂಬಾಲಿಸಿದ ನಾಯಿಯ ಕಥೆ ಎಲ್ಲರೂ ಕೇಳಿದ್ದೇ. ಅಲ್ಲಿ ಅರಸನು ಮುಂದೆ, ನಾಯಿ ಹಿಂದೆ. ಆಲ್ಪ್ಸಿನ ಹಾದಿಯಲ್ಲಿ ನಾಯಿಯೇ ಮುಂದೆ.

ಚಳಿಗಾಲದ ಬೆಳಗಿನಲ್ಲಿ ಆಳೊಬ್ಬನು ಬುತ್ತಿಯನ್ನು ಹೆಗಲಿಗೇರಿಸಿ, ಉದ್ದನೆಯ ಕೋಲು ಹಿಡಿದು ಇಳಿಯುತ್ತಿದ್ದನು. ನಾಯಿಯು ತನ್ನ ಅಗಲವಾದ ಎದೆಯಿಂದ ಹಿಮವನ್ನು ಸೀಳುತ್ತ ಮುನ್ನಡೆಯುತ್ತಿತ್ತು. ಅದರ ಭಾರ ನಾಲ್ಕು ಅಗಲವಾದ ಪಾದಗಳ ಮೇಲೆ ಹಂಚಿಹೋಗುವುದರಿಂದ ಮನುಷ್ಯನು ಹೂತುಹೋಗುವ ಕಡೆ ಅದು ನಿಲ್ಲಬಲ್ಲದು. ಮಂಜು ಕವಿದು ಕಣ್ಣು ಸೋತಾಗಲೂ ಅದರ ಮೂಗು ಸೋಲುತ್ತಿರಲಿಲ್ಲ. ನಾಯಿ ತಟ್ಟನೆ ನಿಂತರೆ ಅನುಭವವುಳ್ಳವನು ತಾನೂ ನಿಲ್ಲುವನು. ಕೋಲಿನಿಂದ ಮುಂದಿನ ಹಿಮವನ್ನು ತಿವಿದು ನೋಡುವನು. ಹಾಗೆಂದು ನಾಯಿಯೇನೂ ಕಷ್ಟಕ್ಕೆ ಹೊರತಲ್ಲ. ಅದರ ಬೆರಳುಗಳ ಸಂದಿನಲ್ಲಿ ಹಿಮವು ಕೂಡಿ ಗೋಲಿಗಳಂತೆ ಗಟ್ಟಿಯಾಗುತ್ತದೆ, ನಾಯಿ ಕುಂಟತೊಡಗುತ್ತದೆ. ಆಗ ಮನುಷ್ಯನು ಮಂಡಿಯೂರಿ, ಕೈಗವಸು ಕಳಚಿ, ಮರಗಟ್ಟುವ ಬೆರಳುಗಳಿಂದಲೇ ಅವನ್ನು ಬಿಡಿಸಬೇಕು. ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿದ್ದ ನಡಿಗೆ ಅದು.

ಹಿಮಪಾತದಡಿ ಹೂತುಹೋದವನು ಬದುಕುವ ಆಸೆ ಕಾಲು ಗಂಟೆ ಕಳೆಯುತ್ತಲೇ ಬೇಗಬೇಗನೆ ಕ್ಷೀಣಿಸುತ್ತದೆ. ಮನುಷ್ಯರು ಕೋಲಿನಿಂದ ಚುಚ್ಚಿ ಹುಡುಕುವಷ್ಟರಲ್ಲಿ ಆ ಹೊತ್ತು ಮೀರಿಹೋಗಬಹುದು. ನಾಯಿಯಾದರೋ ವಾಸನೆ ಹಿಡಿದು ನೇರವಾಗಿ ಅಲ್ಲಿಗೇ ಹೋಗಿ ಕೆರೆಯತೊಡಗುತ್ತದೆ.

ಈ ನಾಯಿಗಳಲ್ಲಿ ಹೆಸರಾದದ್ದು ಬ್ಯಾರಿ. ಅದು ಹುಟ್ಟಿದ್ದು 1800ರಲ್ಲಿ. ನೆಪೋಲಿಯನ್ನನು ತನ್ನ ಸೇನೆಯೊಡನೆ ಈ ಘಟ್ಟವನ್ನು ದಾಟಿದ್ದೂ ಅದೇ ವರ್ಷದ ಮೇ ತಿಂಗಳಿನಲ್ಲಿ. ಬ್ಯಾರಿಯು ನಲವತ್ತಕ್ಕೂ ಹೆಚ್ಚು ಜನರ ಪ್ರಾಣ ಉಳಿಸಿತೆಂದು ಹೇಳುತ್ತಾರೆ. ಕಡೆಗೆ ತಾನು ಉಳಿಸಹೋದ ಸೈನಿಕನೊಬ್ಬನು ತೋಳವೆಂದು ಭ್ರಮಿಸಿ ತಿವಿದುದರಿಂದ ಅದು ಸತ್ತಿತೆಂಬ ಕಥೆಯೂ ಇದೆ. ಕಥೆ ಕರುಳು ಹಿಂಡುವಂಥದೇ, ಆದರೆ ನಿಜವಲ್ಲ. ಮುದಿಯಾದ ಬ್ಯಾರಿಯನ್ನು 1812ರಲ್ಲಿ ಬರ್ನ್ ನಗರಕ್ಕೆ ಕರೆದೊಯ್ದರು. ಎರಡು ವರ್ಷ ವಿಶ್ರಾಂತಿಯಲ್ಲಿದ್ದು 1814ರಲ್ಲಿ ಅದು ಸತ್ತಿತು. ಕೊರಳಿನ ಮದ್ಯದ ಪುಟ್ಟ ಪೀಪಾಯಿಯೂ ಅಂಥದೇ. ಲ್ಯಾಂಡ್‌ಸೀರ್ ಎಂಬ ಆಂಗ್ಲ ಚಿತ್ರಕಾರನು 1820ರಲ್ಲಿ ಬರೆದ ಚಿತ್ರದಿಂದ ಅದು ಜನರ ಮನಸ್ಸಿನಲ್ಲಿ ನೆಲೆಯೂರಿತು. ಚಳಿಯಿಂದ ಸೆಡೆತವನಿಗೆ ಮದ್ಯ ಕುಡಿಸಿದರೆ ಚರ್ಮದ ರಕ್ತನಾಳಗಳು ಹಿಗ್ಗಿ, ಮೈಯ ಶಾಖ ಇನ್ನಷ್ಟು ಬೇಗ ಹೊರಹೋಗುತ್ತದೆ. ನಿಜವಾದ ನಾಯಿಗೆ ಈ ಒಡವೆಗಳೊಂದೂ ಬೇಕಿರಲಿಲ್ಲ.

ಬ್ಯಾರಿಯ ದೇಹವನ್ನು ಬರ್ನ್ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು. ಈಗಿನ ಸೇಂಟ್ ಬರ್ನಾರ್ಡ್ ನಾಯಿಗಳನ್ನು ನೋಡಿದವರಿಗೆ ಅದು ಚಿಕ್ಕದೆನಿಸುತ್ತದೆ. ಮನುಷ್ಯರು ದೊಡ್ಡ ತಲೆ, ದೊಡ್ಡ ಮೈಯನ್ನು ಬಯಸಿ ತಳಿಯನ್ನು ಬೆಳೆಸಿದರು. 1923ರಲ್ಲಿ ಬ್ಯಾರಿಯ ದೇಹವನ್ನು ದುರಸ್ತಿ ಮಾಡುವಾಗ ಅದರ ತಲೆಯನ್ನೂ ಹೊಸ ತಳಿಗೆ ಹೋಲುವಂತೆ ತಿದ್ದಿದರು.

1964ರಲ್ಲಿ ಘಟ್ಟದ ಅಡಿಯಲ್ಲಿ ಸುರಂಗಮಾರ್ಗ ತೆರೆಯಿತು. ಹೆಲಿಕಾಪ್ಟರುಗಳು ಬಂದವು; ಇಂದು ಹಿಮದಲ್ಲಿ ಹುಡುಕುವ ಕೆಲಸಕ್ಕೆ ಹಗುರವಾದ ಬೇರೆ ತಳಿಯ ನಾಯಿಗಳನ್ನು ಬಳಸುತ್ತಾರೆ. 2005ರಿಂದ ಈ ತಳಿಯನ್ನು ಮಾರ್ಟಿನಿ ಪಟ್ಟಣದ ಸಂಸ್ಥೆಯೊಂದು ಸಾಕುತ್ತಿದೆ. ಬೇಸಗೆಯಲ್ಲಿ ಕೆಲವು ನಾಯಿಗಳು ಮೇಲಿನ ಛತ್ರಕ್ಕೆ ಬರುತ್ತವೆ. ಅಕ್ಟೋಬರಿನಲ್ಲಿ ಹಿಮ ಬೀಳುತ್ತಲೇ ಮೇಲಿನ ರಸ್ತೆ ಮುಚ್ಚುತ್ತದೆ. ಆಮೇಲೆ ಬರುವವರು ಕಾಲಿಗೆ ಹಿಮದ ಹಲಗೆಗಳನ್ನು ಕಟ್ಟಿಕೊಂಡು ಅದೇ ಕಣಿವೆಯನ್ನು ಹತ್ತಿ ಬರಬೇಕು. ಛತ್ರದ ಬಾಗಿಲು ಅವರಿಗಾಗಿ ಈಗಲೂ ತೆರೆದಿರುತ್ತದೆ.