ಸೌರಕಣಗಳ ಅಳತೆ: ಒಂದೇ ತಕ್ಕಡಿ ಏಕೆ ಸಾಲದು?

2025ರ ನವೆಂಬರ್ 28ರಂದು ಏರ್‌ಬಸ್ ಸಂಸ್ಥೆಯು ತನ್ನ ಎ320 ಶ್ರೇಣಿಯ ಸಾವಿರಾರು ವಿಮಾನಗಳಲ್ಲಿ ತುರ್ತು ತಿದ್ದುಪಡಿ ಆಗಬೇಕೆಂದು ಪ್ರಕಟಿಸಿತು. ತೀವ್ರ ಸೌರವಿಕಿರಣವು ಹಾರಾಟ ನಿಯಂತ್ರಣದ ದತ್ತಾಂಶವನ್ನು ಕೆಡಿಸಬಹುದೆಂಬುದು ಅದು ನೀಡಿದ ಕಾರಣ. ಸರಕನ್ನು ವಿಮಾನದಲ್ಲಿ ಕಳುಹಿಸುವ, ಉಪಗ್ರಹ ಸಂಪರ್ಕವನ್ನು ನೆಚ್ಚಿರುವ, ವಿದ್ಯುನ್ಮಾನ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಸದಸ್ಯರಿಗೂ ಈ ವಿಷಯ ದೂರದ್ದಲ್ಲ.

ಕಣಗಳ ಮೂಲ

ಸೂರ್ಯನಲ್ಲಿ ಸ್ಫೋಟ ಸಂಭವಿಸಿದಾಗ ಮತ್ತು ಅಲ್ಲಿಂದ ಚಿಮ್ಮಿದ ಅನಿಲರಾಶಿಯ ಮುಂದೆ ಆಘಾತದಲೆ ಎದ್ದಾಗ, ಪ್ರೋಟಾನ್, ಎಲೆಕ್ಟ್ರಾನ್ ಮುಂತಾದ ಕಣಗಳು ಅಪಾರ ವೇಗ ಪಡೆಯುತ್ತವೆ. ಅನಿಲರಾಶಿಯು ಭೂಮಿಯನ್ನು ತಲುಪಲು ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಅತಿವೇಗದ ಕಣಗಳಿಗೆ ಹತ್ತಾರು ನಿಮಿಷಗಳೇ ಸಾಕು. ಅಂಥ ಒಂದೇ ಕಣವು ಚಿಪ್ಪಿನ ಸ್ಮೃತಿಯಲ್ಲಿರುವ ಸೊನ್ನೆಯನ್ನು ಒಂದಾಗಿಸಬಲ್ಲದು.

ಅಳೆಯುವ ಬಗೆ

ನೌಕೆಯ ಉಪಕರಣದಲ್ಲಿ ಸಿಲಿಕಾನ್ ಬಿಲ್ಲೆಗಳನ್ನು ಒಂದರ ಹಿಂದೊಂದು ಜೋಡಿಸಿರುತ್ತಾರೆ. ಕಣವು ತೆಳುವಾದ ಮೊದಲ ಬಿಲ್ಲೆಯಲ್ಲಿ ಶಕ್ತಿಯ ಒಂದು ಭಾಗವನ್ನು ಕಳೆದುಕೊಂಡು, ದಪ್ಪನಾದ ಮುಂದಿನ ಬಿಲ್ಲೆಯಲ್ಲಿ ನಿಲ್ಲುತ್ತದೆ. ಎರಡೂ ಕಡೆ ಹುಟ್ಟುವ ವಿದ್ಯುತ್ ಮಿಡಿತಗಳನ್ನು ಹೋಲಿಸಿದರೆ ಕಣ ಯಾವುದು, ಅದರ ಶಕ್ತಿ ಎಷ್ಟು ಎಂಬುದು ತಿಳಿಯುತ್ತದೆ.

ಹಲವು ನೌಕೆಗಳೇಕೆ?

ವಿದ್ಯುದಾವೇಶವುಳ್ಳ ಈ ಕಣಗಳು ನೇರವಾಗಿ ಬಾರದೆ ಸೂರ್ಯನ ಕಾಂತರೇಖೆಗಳನ್ನು ಅನುಸರಿಸುತ್ತವೆ. ಸೂರ್ಯನ ಭ್ರಮಣೆಯಿಂದ ಆ ರೇಖೆಗಳು ಸುರುಳಿಯಾಗಿ ಬಾಗಿರುತ್ತವೆ. ಆದುದರಿಂದ ಒಂದು ನೌಕೆಗೆ ಮಹಾಪೂರವೆನಿಸಿದ್ದು ಮತ್ತೊಂದಕ್ಕೆ ತುಂತುರಾಗಬಹುದು. ಎಣಿಕೆ ಕಡಿಮೆಯಾದರೆ ಸ್ಫೋಟವೇ ಸಣ್ಣದೋ ಅಥವಾ ನೌಕೆಯೇ ದಾರಿಯಿಂದ ಬದಿಗಿತ್ತೋ ಎಂದು ಒಂದೇ ನೌಕೆಯಿಂದ ನಿರ್ಧರಿಸಲಾಗದು.

2021ರ ಏಪ್ರಿಲ್ 17ರ ಘಟನೆಯನ್ನು ಬೆಪಿಕೊಲಂಬೊ, ಪಾರ್ಕರ್ ಸೋಲಾರ್ ಪ್ರೋಬ್, ಸೋಲಾರ್ ಆರ್ಬಿಟರ್, ಸ್ಟೀರಿಯೊ-ಎ ಹಾಗೂ ಭೂಮಿಯ ಸಮೀಪದ ನೌಕೆಗಳು ದಾಖಲಿಸಿದವು. ಮಂಗಳದ ಬಳಿಯೂ ಕಣಗಳು ಕಂಡುಬಂದವು. ಸೂರ್ಯನ ಸುತ್ತ ಸುಮಾರು 210 ಡಿಗ್ರಿಗಳಷ್ಟು ಅಗಲಕ್ಕೆ ಅವು ಹರಡಿದ್ದವು. ಎಲೆಕ್ಟ್ರಾನ್‌ಗಳಿಗೆ ಮೊದಲ ಸ್ಫೋಟವೂ ಪ್ರೋಟಾನ್‌ಗಳಿಗೆ ಆಘಾತದಲೆಯೂ ಮುಖ್ಯ ಮೂಲವಾಗಿದ್ದಿರಬೇಕೆಂಬ ನಿಷ್ಕರ್ಷೆಗೆ ವಿಜ್ಞಾನಿಗಳು ಬರಲು ಸಾಧ್ಯವಾದದ್ದು ಈ ಲೆಕ್ಕಗಳನ್ನೆಲ್ಲ ಜೋಡಿಸಿದ್ದರಿಂದಲೇ.

ಆದರೆ ಹತ್ತು ಅಂಗಡಿಗಳ ತೂಕವನ್ನು ಕೂಡಿಸುವ ಮುನ್ನ ತಕ್ಕಡಿಗಳೆಲ್ಲ ಸಮವೇ ಎಂದು ನೋಡಬೇಕಷ್ಟೆ. ಪ್ರತಿ ಉಪಕರಣದ ಗಾತ್ರ, ನೋಡುವ ದಿಕ್ಕು, ಅಳೆಯುವ ಶಕ್ತಿಯ ವ್ಯಾಪ್ತಿ ಬೇರೆ ಬೇರೆ. ಸೂರ್ಯನಿಂದ ಇರುವ ದೂರವೂ ಬೇರೆ. ನೌಕೆಗಳು ಹತ್ತಿರ ಬಂದಾಗ ಅವುಗಳ ಎಣಿಕೆಗಳನ್ನು ಪರಸ್ಪರ ತಾಳೆ ನೋಡುವುದು ಇದಕ್ಕಾಗಿ.

ಭಾರತದ ಪಾಲು

2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡ ಇಸ್ರೋದ ಆದಿತ್ಯ-ಎಲ್1, ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ತನ್ನ ಕಕ್ಷೆಯನ್ನು 2024ರ ಜನವರಿ 6ರಂದು ಸೇರಿತು. ಅದರಲ್ಲಿರುವ ಸ್ಟೆಪ್ಸ್ ಉಪಕರಣವು ಆರು ದಿಕ್ಕುಗಳಿಂದ ಬರುವ ಕಣಗಳನ್ನು ಅಳೆಯಲು ನಿರ್ಮಿತವಾದುದು. ಇದನ್ನು ರೂಪಿಸಿದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ.

ಇಂಥ ಅಳತೆಗಳ ಆಧಾರದ ಮೇಲೆಯೇ ವಿಮಾನ, ಉಪಗ್ರಹಗಳ ಬಿಡಿಭಾಗಗಳು ಎಷ್ಟು ವಿಕಿರಣವನ್ನು ತಾಳಬೇಕೆಂಬುದು ನಿಗದಿಯಾಗುತ್ತದೆ. ಆ ಕ್ಷೇತ್ರಕ್ಕೆ ಸರಕು ಒದಗಿಸಲಿಚ್ಛಿಸುವ ಸಣ್ಣ ಉದ್ಯಮಿಗಳು ಖರೀದಿದಾರರ ವಿಕಿರಣ ಪರೀಕ್ಷಾ ನಿಬಂಧನೆಗಳನ್ನು ಮೊದಲೇ ಓದಿ, ಅದರ ವೆಚ್ಚವನ್ನು ದರಪಟ್ಟಿಯಲ್ಲಿ ಸೇರಿಸಿಕೊಳ್ಳುವುದು ಹಿತ.